ಗೊಬ್ಬರದಂಗಡಿಯ ಸಾಲು ಮತ್ತು ಅಕ್ಕಡಿ ಸಾಲು

2025ರ ಮುಂಗಾರು ಬೇಗ ಬಂತು. ಮೇ 24ರಂದೇ ಕೇರಳವನ್ನು ಮುಟ್ಟಿದ ಮಳೆ ಕೆಲವೇ ದಿನಗಳಲ್ಲಿ ಕರ್ನಾಟಕದ ಒಳನಾಡಿಗೂ ಹರಡಿತು. ಹದ ಸಿಕ್ಕಿದ ಹೊಲಗಳಲ್ಲಿ ಬಿತ್ತನೆ ಬಿರುಸಾಯಿತು, ಮೆಕ್ಕೆಜೋಳದ ವಿಸ್ತೀರ್ಣ ಹಿಂದಿನ ವರ್ಷಕ್ಕಿಂತ ಹೆಚ್ಚಿತು. ಒಳ್ಳೆಯ ಆರಂಭ ಎಂದು ಎಲ್ಲರೂ ನೆಮ್ಮದಿಪಟ್ಟ ಆ ಹಂಗಾಮಿನಲ್ಲಿ, ಜುಲೈ ಹೊತ್ತಿಗೆ ಗೊಬ್ಬರದಂಗಡಿಗಳ ಮುಂದೆ ಯೂರಿಯಾಕ್ಕಾಗಿ ಜನ ನಸುಕಿನಿಂದಲೇ ಸಾಲುಗಟ್ಟಿದರು. ನವೆಂಬರ್ ಹೊತ್ತಿಗೆ ಹಾವೇರಿ, ಗದಗ, ಧಾರವಾಡದ ಕಡೆ ಮೆಕ್ಕೆಜೋಳದ ಖರೀದಿ ಕೇಂದ್ರ ತೆರೆಯಿರಿ ಎಂದು ರೈತರು ರಸ್ತೆಗಿಳಿದರು. ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದ ಕಾಳು ಮಾರುಕಟ್ಟೆಯಲ್ಲಿ 1,600ರಿಂದ 1,800 ರೂಪಾಯಿಗೆ ಕುಸಿದಿತ್ತು.

ಸುದ್ದಿಯಲ್ಲಿ ಇವೆರಡೂ ಬೇರೆ ಬೇರೆ ಪುಟಗಳಲ್ಲಿ ಬಂದವು. ಒಂದು ಗೊಬ್ಬರ ಪೂರೈಕೆಯ ಸಮಸ್ಯೆ, ಇನ್ನೊಂದು ಬೆಲೆಯ ಸಮಸ್ಯೆ. ಪೂರೈಕೆಯಲ್ಲಿ ಲೋಪಗಳಿದ್ದದ್ದು ನಿಜ, ಬೆಲೆ ನೀತಿಯಲ್ಲಿ ಲೋಪಗಳಿರುವುದೂ ನಿಜ. ಆದರೆ ಈ ಎರಡು ಸಾಲುಗಳು ಒಂದೇ ಬೇರಿನಿಂದ ಹುಟ್ಟಿದವು ಎಂಬುದು ನನ್ನ ವಾದ, ಆ ಬೇರನ್ನು ಕಾಣಬೇಕಾದರೆ ಅಂಗಡಿಯಿಂದಲೂ ಮಾರುಕಟ್ಟೆಯಿಂದಲೂ ಹೊರಬಂದು ಹೊಲಕ್ಕೆ ಹೋಗಬೇಕು. ಪ್ರೌಢಶಾಲೆಯ ಮಕ್ಕಳಿಗೆ ಕೃಷಿಯನ್ನು ನಾವು ಸಾಮಾನ್ಯವಾಗಿ ಪಟ್ಟಿಗಳಾಗಿ ಕಲಿಸುತ್ತೇವೆ: ಮುಂಗಾರು ಬೆಳೆಗಳು, ಹಿಂಗಾರು ಬೆಳೆಗಳು, ಮಣ್ಣಿನ ವಿಧಗಳು, ಗೊಬ್ಬರದ ವಿಧಗಳು. ಇವು ಬೇಡವೆಂದಲ್ಲ. ಆದರೆ ಪಟ್ಟಿಯ ಒಂದು ಸಾಲಿಗೂ ಇನ್ನೊಂದು ಸಾಲಿಗೂ ಇರುವ ನಂಟನ್ನು ಹೇಳದೆ ಬಿಟ್ಟರೆ, ಜುಲೈ ತಿಂಗಳ ಸಾಲಿಗೂ ನವೆಂಬರ್ ತಿಂಗಳ ಪ್ರತಿಭಟನೆಗೂ ಏನು ಸಂಬಂಧ ಎಂದು ಕೇಳಿದಾಗ ಒಳ್ಳೆಯ ಅಂಕ ತೆಗೆಯುವ ವಿದ್ಯಾರ್ಥಿಯೂ ಉತ್ತರವಿಲ್ಲದೆ ನಿಲ್ಲುತ್ತಾನೆ. ಆ ನಂಟುಗಳ ಒಟ್ಟು ಹೆಸರೇ ಕೃಷಿ ವ್ಯವಸ್ಥೆ.

ವ್ಯವಸ್ಥೆ ಎಂದರೆ ಇಷ್ಟೇ: ಹೊಲಕ್ಕೆ ಹೊರಗಿನಿಂದ ಕೆಲವು ಬರುತ್ತವೆ, ಹೊಲದಿಂದ ಕೆಲವು ಹೊರಗೆ ಹೋಗುತ್ತವೆ, ಮತ್ತೆ ಕೆಲವು ಹೊರಗೆ ಹೋಗದೆ ಒಳಗೇ ಸುತ್ತುತ್ತವೆ. ಬಿಸಿಲು, ಮಳೆ, ಬೀಜ, ಗೊಬ್ಬರ, ದುಡಿಮೆ, ಸಾಲದ ಹಣ ಇವು ಬರುವಂಥವು. ಕಾಳು, ಹಾಲು, ಕುರಿ ಇವು ಹೋಗುವಂಥವು. ಹುಲ್ಲು, ಸಗಣಿ, ಎತ್ತಿಟ್ಟ ಬೀಜ, ಉದುರಿದ ಎಲೆ ಇವು ಸುತ್ತುವಂಥವು. ಒಂದು ಜಮೀನು ಹೇಗೆ ಬದುಕುತ್ತಿದೆ ಎಂದು ತಿಳಿಯಲು ಎಷ್ಟು ಬೆಳೆಯಿತು ಎಂಬ ಪ್ರಶ್ನೆಯೊಂದೇ ಸಾಲದು; ಅದರಲ್ಲಿ ಎಷ್ಟು ಒಳಗೇ ಸುತ್ತುತ್ತಿದೆ ಎಂದೂ ಕೇಳಬೇಕು. 2015–16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1.36 ಹೆಕ್ಟೇರ್, ಅಂದರೆ ಸುಮಾರು ಮೂರು ಎಕರೆ ಹದಿನಾಲ್ಕು ಗುಂಟೆ. ಅಷ್ಟು ಚಿಕ್ಕ ಜಾಗದಲ್ಲಿ, ಅದೂ ರಾಜಸ್ಥಾನದ ನಂತರ ಅತಿ ಹೆಚ್ಚು ಮಳೆಯಾಶ್ರಿತ ಭೂಮಿ ಇರುವ ನಮ್ಮಂಥ ರಾಜ್ಯದಲ್ಲಿ, ಹೊರಗಿನಿಂದ ತರುವುದೆಲ್ಲವೂ ದುಡ್ಡಿನ ಮೇಲೂ ಮಳೆಯ ಮೇಲೂ ಕಟ್ಟಿದ ಪಣವಾಗುತ್ತದೆ.

ತುಮಕೂರು, ಕೋಲಾರ, ರಾಮನಗರದ ಕೆಂಪು ಮಣ್ಣಿನ ರಾಗಿ ಹೊಲವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಸುತ್ತುವ ವ್ಯವಸ್ಥೆ ಅಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿತ್ತು. ಏಪ್ರಿಲ್ ಕೊನೆಯಿಂದ ಮೇವರೆಗಿನ ಭರಣಿ, ಕೃತ್ತಿಕಾ ಮಳೆಗಳಿಗೆ ಎಳ್ಳು, ಅಲಸಂದೆ. ಜುಲೈ ತಿಂಗಳ ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ರಾಗಿ. ನಾನು ಚಿಕ್ಕವನಿದ್ದಾಗ ನಮ್ಮಜ್ಜಿ ಬಿತ್ತನೆಗೆ ಹೊರಟರೆ ಮಡಿಲಲ್ಲಿ ಒಂದಲ್ಲ, ನಾಲ್ಕೈದು ಬಗೆಯ ಕಾಳು ಕಟ್ಟಿಕೊಳ್ಳುತ್ತಿದ್ದರು. ಎತ್ತುಗಳು ಎಳೆಯುವ ಕೂರಿಗೆಯ ಬಟ್ಟಲಿಗೆ ಒಬ್ಬರು ರಾಗಿ ಬಿಡುತ್ತಿದ್ದರೆ, ಕೂರಿಗೆಯ ಹಿಂದೆ ಹಗ್ಗದಲ್ಲಿ ಕಟ್ಟಿದ ಒಂಟಿ ಬಿದಿರಿನ ಕೊಳವೆಯನ್ನು ಹಿಡಿದು ಅಜ್ಜಿ ಅದರೊಳಗೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬೀಜಗಳನ್ನು ಬೆರಳ ಸಂದಿಯಿಂದ ಒಂದೊಂದಾಗಿ ಇಳಿಬಿಡುತ್ತಿದ್ದರು. ಎಂಟೋ ಹತ್ತೋ ಸಾಲು ರಾಗಿ, ಒಂದು ಸಾಲು ಮಿಶ್ರ ಕಾಳು. ಅದೇ ಅಕ್ಕಡಿ ಸಾಲು. ಹೊಲದ ಅಂಚಿಗೆ ಹರಳು ಗಿಡ (ಔಡಲ), ನಡುನಡುವೆ ನಾಲ್ಕು ಕಡ್ಡಿ ಜೋಳ.

ಇದನ್ನು ಹಳೆಯ ಕಾಲದ ಸೊಗಸು ಎಂದು ನೋಡಿದರೆ ಏನೂ ಅರ್ಥವಾಗುವುದಿಲ್ಲ. ಇದೊಂದು ಲೆಕ್ಕಾಚಾರ. ರಾಗಿಯ ಬೇರು ಜೊಂಡಿನಂತೆ ಮೇಲ್ಮಣ್ಣಿನಲ್ಲೇ ಹರಡುತ್ತದೆ, ತೊಗರಿಯ ತಾಯಿಬೇರು ಆಳಕ್ಕಿಳಿಯುತ್ತದೆ. ಎರಡೂ ಒಂದೇ ಹೊಲದಲ್ಲಿದ್ದರೂ ಬೇರೆ ಬೇರೆ ಪದರದ ನೀರನ್ನು ಕುಡಿಯುತ್ತವೆ. ಹುಚ್ಚೆಳ್ಳಿನ ಹಳದಿ ಹೂವು ತನ್ನದೇ ಪರಾಗದಿಂದ ಕಾಳು ಕಟ್ಟಲಾರದು, ಅದಕ್ಕೆ ಜೇನು ಬರಲೇಬೇಕು, ಜೇನು ಬಂದರೆ ಅಕ್ಕಪಕ್ಕದ ಗಿಡಗಳಿಗೂ ಬರುತ್ತದೆ. ಇನ್ನು ಸೊಗಡಿನ ಅವರೆಯ ವಿಷಯವಂತೂ ಕಾಲದ ಲೆಕ್ಕ. ಹಳೆಯ ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಗಿಡ. ರಾಗಿ ಎತ್ತರಕ್ಕೆ ಬೆಳೆಯುವಾಗ ಅದು ಪೈಪೋಟಿಗಿಳಿಯದೆ ಹಬ್ಬಿಕೊಂಡಿರುತ್ತದೆ, ನವೆಂಬರ್ ಕಳೆದು ರಾಗಿ ಕೊಯ್ಲಾದ ಮೇಲೆ ಖಾಲಿಯಾದ ಹೊಲದಲ್ಲಿ, ಮಣ್ಣಿನಲ್ಲುಳಿದ ತೇವ ಮತ್ತು ಇಬ್ಬನಿಯ ಆಸರೆಯಲ್ಲಿ ಹೂಬಿಟ್ಟು ಸಂಕ್ರಾಂತಿಯ ಹೊತ್ತಿಗೆ ಕಾಯಿ ಕೊಡುತ್ತದೆ. ಜುಲೈಯಲ್ಲಿ ಮಳೆ ಕೈಕೊಟ್ಟರೆ ರಾಗಿ ಸೊರಗಬಹುದು. ಸೆಪ್ಟೆಂಬರ್‌ನ ಮಳೆಗೆ ತೊಗರಿ, ಅವರೆ ಚೇತರಿಸಿಕೊಳ್ಳಬಹುದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಅಂಥ ವರ್ಷ ಯಾವ ಬೆಳೆಯೂ ಪೂರ್ತಿ ಉಳಿಯುವುದಿಲ್ಲ, ಆದರೆ ಎಲ್ಲ ಬೆಳೆಯೂ ಒಂದೇ ದಿನ ಸಾಯದಂತೆ ನೋಡಿಕೊಳ್ಳುವುದು ಸಾಧ್ಯ. ಅರ್ಥಶಾಸ್ತ್ರದ ಪಾಠದಲ್ಲಿ ಅಪಾಯದ ಹಂಚಿಕೆ ಎನ್ನುವುದು ಇದನ್ನೇ.

ಈಗ ಸಾರಜನಕಕ್ಕೆ ಬರೋಣ, ಏಕೆಂದರೆ ಯೂರಿಯಾದ ಸಾಲು ನಿಂತದ್ದು ಅದಕ್ಕಾಗಿಯೇ. ಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕವೇ ಆಗಿದ್ದರೂ ಗಿಡಕ್ಕೆ ಅದು ದಕ್ಕುವುದಿಲ್ಲ. ಎರಡು ಸಾರಜನಕ ಪರಮಾಣುಗಳ ನಡುವಿನ ಬಿಗಿಯಾದ ಮೂರೆಳೆಯ ಬಂಧವನ್ನು ಮೊದಲು ಮುರಿಯಬೇಕು. ಮನುಷ್ಯ ಇದನ್ನು ಕಾರ್ಖಾನೆಯಲ್ಲಿ ಮಾಡಲು ಕಲಿತದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಪ್ರಯೋಗಶಾಲೆಯಲ್ಲಿ ತೋರಿಸಿದ ವಿಧಾನವನ್ನು ಕಾರ್ಲ್ ಬಾಷ್ 1913ರಲ್ಲಿ ಕಾರ್ಖಾನೆಯ ಮಟ್ಟಕ್ಕೆ ತಂದರು. ಅದಕ್ಕೆ ನಾನೂರರಿಂದ ಐನೂರು ಡಿಗ್ರಿ ಸೆಲ್ಸಿಯಸ್ ಶಾಖ, ವಾತಾವರಣದ ಒತ್ತಡದ ನೂರಾರು ಪಟ್ಟು ಒತ್ತಡ, ಜಲಜನಕ ಪಡೆಯಲು ನೈಸರ್ಗಿಕ ಅನಿಲ ಬೇಕು. ಕರ್ನಾಟಕದಲ್ಲಿ ಯೂರಿಯಾ ತಯಾರಾಗುವುದು ಮಂಗಳೂರಿನ ಪಣಂಬೂರಿನಲ್ಲಿ. ಉಳಿದದ್ದು ಹೊರರಾಜ್ಯಗಳಿಂದ, ಹೊರದೇಶಗಳಿಂದ ಬರಬೇಕು, ದೇಶದೊಳಗೆ ತಯಾರಿಸಲು ಬೇಕಾದ ಅನಿಲದ ದೊಡ್ಡ ಪಾಲನ್ನೂ ಆಮದು ಮಾಡಿಕೊಳ್ಳಬೇಕು. ಹೀಗಾಗಿ ಎಲ್ಲೋ ದೂರದ ದೇಶ ರಫ್ತು ಬಿಗಿ ಮಾಡಿದರೆ ಹಾವೇರಿಯ ಹೊಲದಲ್ಲಿ ಎಲೆ ಹಳದಿಯಾಗುತ್ತದೆ.

ಅದೇ ಬಂಧವನ್ನು ಅಲಸಂದೆ ಗಿಡದ ಬೇರಿನಲ್ಲಿ ಬದುಕುವ ಒಂದು ಸೂಕ್ಷ್ಮಾಣು, ಯಾವ ಕುಲುಮೆಯೂ ಇಲ್ಲದೆ, ಮಣ್ಣಿನ ತಂಪಿನಲ್ಲೇ ಮುರಿಯುತ್ತದೆ. ಇದನ್ನು ಹೇಳುವುದಕ್ಕಿಂತ ತೋರಿಸುವುದು ಮೇಲು. ಹೂಬಿಡುವ ಹಂತದ ಅಲಸಂದೆ ಗಿಡವೊಂದನ್ನು ಮಣ್ಣು ಒದ್ದೆಯಿರುವಾಗ ಕೈಯಿಂದ ಜಗ್ಗದೆ, ಸುತ್ತ ಕುಡುಗೋಲಿನಿಂದ ಸಡಿಲಿಸಿ ಮೆಲ್ಲಗೆ ಎತ್ತಬೇಕು. ಬೇರನ್ನು ನೀರಿನಲ್ಲಿ ಅದ್ದಿ ಮಣ್ಣು ಕಳಚಿದರೆ ಸಾಸಿವೆಯಿಂದ ಕಡಲೆಯವರೆಗಿನ ಗಾತ್ರದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಬಣ್ಣ ಕಂಡರೆ ಗಂಟು ಕೆಲಸದಲ್ಲಿದೆ ಎಂದರ್ಥ. ಆ ಬಣ್ಣ ನಮ್ಮ ರಕ್ತದ ಬಣ್ಣಕ್ಕೆ ಕಾರಣವಾದ ವಸ್ತುವಿನ ಹತ್ತಿರದ ಸಂಬಂಧಿಯಾದ ಲೆಗ್‌ಹೀಮೋಗ್ಲೋಬಿನ್‌ನದು. ಬೂದು ಅಥವಾ ಹಸಿರು ಬಣ್ಣವಿದ್ದರೆ ಗಂಟು ಮುಪ್ಪಾಗಿದೆ ಅಥವಾ ನಿರುಪಯೋಗಿ. ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ಇದನ್ನು ಮಾಡಿದಾಗ, ಗಂಟುಗಳನ್ನು ರೋಗವೆಂದು ತಿಳಿದಿದ್ದ ಹುಡುಗಿಯೊಬ್ಬಳು, ರೈತರ ಮಗಳೇ, ಸೀಳಿದ ಗಂಟನ್ನು ಬಹಳ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ಆ ಹತ್ತು ನಿಮಿಷಗಳಿಗೆ ಸಮನಾದ ಪಾಠವನ್ನು ಕಪ್ಪುಹಲಗೆಯ ಮೇಲೆ ಕೊಡಲು ನನ್ನಿಂದ ಇನ್ನೂ ಆಗಿಲ್ಲ.

ಆದರೆ ಇಲ್ಲಿ ಪ್ರಾಮಾಣಿಕವಾಗಿರಬೇಕು. ಅಕ್ಕಡಿ ಸಾಲೊಂದೇ ಯೂರಿಯಾ ಚೀಲಕ್ಕೆ ಬದಲಿ ಎಂದರೆ ಅದು ಸುಳ್ಳು. ಅವರೆ, ಅಲಸಂದೆಯಂಥ ದ್ವಿದಳ ಗಿಡ ಹಿಡಿದಿಟ್ಟ ಸಾರಜನಕದ ಬಹುಪಾಲು ಕಾಳಿನೊಂದಿಗೇ ಹೊಲದಾಚೆ ಹೋಗುತ್ತದೆ, ಪಕ್ಕದ ರಾಗಿಗೆ ಅದೇ ವರ್ಷ ಸಿಗುವುದು ಅಲ್ಪ. ಉದುರಿದ ಎಲೆ, ಕೊಳೆತ ಬೇರುಗಳ ಮೂಲಕ ಮುಂದಿನ ವರ್ಷದ ಬೆಳೆಗೆ ಒಂದಷ್ಟು ದಕ್ಕುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಉಳಿದ ಕೊರತೆಯನ್ನು ತುಂಬುತ್ತಿದ್ದದ್ದು ದನಗಳು. ಅದರ ಲೆಕ್ಕವನ್ನೂ ಹಾಕೋಣ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ, ಅಂದರೆ 45 ಕೆ.ಜಿ. ಚೀಲದಲ್ಲಿ ಸುಮಾರು 20.7 ಕೆ.ಜಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾಮಾನ್ಯವಾಗಿ ನೂರಕ್ಕೆ ಅರ್ಧ ಪಾಲು, ಅಂದರೆ ಟನ್ನಿಗೆ 5 ಕೆ.ಜಿ. ಒಂದು ಚೀಲ ಯೂರಿಯಾದಷ್ಟು ಸಾರಜನಕ ಬೇಕೆಂದರೆ ನಾಲ್ಕು ಟನ್ನಿಗೂ ಹೆಚ್ಚು ಗೊಬ್ಬರ ಹೊರಬೇಕು. ಒಂದು ದನ ದಿನಕ್ಕೆ ಸುಮಾರು ಹತ್ತು ಕೆ.ಜಿ. ಸಗಣಿ ಹಾಕಿದರೂ ವರ್ಷದ ಮೂರೂವರೆ ಟನ್ ಹಸಿ ಸಗಣಿ ತಿಪ್ಪೆಯಲ್ಲಿ ಕಳಿತು ಗೊಬ್ಬರವಾಗುವಾಗ ಅರ್ಧಕ್ಕೂ ಕಡಿಮೆಯಾಗುತ್ತದೆ. ಒಂದು ಜೊತೆ ಎತ್ತು, ಒಂದು ಹಸು ಸೇರಿ ಒಂದು ಎಕರೆಗೆ ಒಂದು ಚೀಲ ಯೂರಿಯಾದಷ್ಟು ಸಾರಜನಕ ಕೊಟ್ಟರೆ ಅದೇ ದೊಡ್ಡದು. ಸಬ್ಸಿಡಿಯ ದೆಸೆಯಿಂದ 266 ರೂಪಾಯಿ 50 ಪೈಸೆಗೆ ಸಿಗುವ ಚೀಲವನ್ನು ಬಿಟ್ಟು ನಾಲ್ಕು ಟನ್ ಗೊಬ್ಬರವನ್ನು ಗಾಡಿಯಲ್ಲಿ ಹೊಡೆಯಬೇಕಿತ್ತು ಎಂದು ರೈತರಿಗೆ ಉಪದೇಶಿಸುವುದು ಸುಲಭ, ಹೊಡೆಯುವುದು ಸುಲಭವಲ್ಲ.

ಆದರೂ ತಿಪ್ಪೆಯ ಗೊಬ್ಬರ ಕೊಡುವುದು ಸಾರಜನಕವನ್ನಷ್ಟೇ ಅಲ್ಲ ಎಂಬಲ್ಲಿ ಲೆಕ್ಕ ತಿರುಗುತ್ತದೆ. ಅದು ಮಣ್ಣಿಗೆ ಇಂಗಾಲ ಕೊಡುತ್ತದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಹನ್ನೆರಡು ಅಂಶಗಳ ಪರೀಕ್ಷೆಯ ಫಲಿತಾಂಶವಿರುತ್ತದೆ. ಹೆಚ್ಚಿನವರು ಸಾರಜನಕ, ರಂಜಕ, ಪೊಟ್ಯಾಷ್ ನೋಡಿ ಕಾರ್ಡನ್ನು ಮಡಚಿಡುತ್ತಾರೆ. ಅದರಲ್ಲಿ ಮೊದಲು ನೋಡಬೇಕಾದದ್ದು ಸಾವಯವ ಇಂಗಾಲ. ನೂರಕ್ಕೆ 0.5ಕ್ಕಿಂತ ಕಡಿಮೆಯಿದ್ದರೆ ಅದನ್ನು ಕೊರತೆಯ ಮಣ್ಣು ಎನ್ನುತ್ತಾರೆ. ಅಂಥ ಮಣ್ಣು ಮಳೆಯ ನೀರನ್ನು ಹಿಡಿದಿಡಲಾರದು, ಹಾಕಿದ ಯೂರಿಯಾವನ್ನೂ ಹಿಡಿದಿಡಲಾರದು. ಅರ್ಧ ಗಾಳಿಗೆ, ಅರ್ಧ ನೀರಿಗೆ ಎಂಬಂತಾಗಿ ರೈತ ಮತ್ತೊಂದು ಚೀಲಕ್ಕೆ ಹೋಗುತ್ತಾನೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ದಶಕಗಳಿಂದ ಒಂದೇ ತಾಕುಗಳಲ್ಲಿ ರಾಗಿ ಬೆಳೆದು ನಡೆಸಿರುವ ದೀರ್ಘಾವಧಿ ಪ್ರಯೋಗಗಳು ಹೇಳುವುದೂ ಇದನ್ನೇ: ರಾಸಾಯನಿಕ ಗೊಬ್ಬರವೊಂದನ್ನೇ ಹಾಕಿದ ತಾಕಿಗಿಂತ, ಕೊಟ್ಟಿಗೆ ಗೊಬ್ಬರದೊಂದಿಗೆ ಶಿಫಾರಸು ಮಾಡಿದ ರಾಸಾಯನಿಕ ಗೊಬ್ಬರವನ್ನೂ ಕೊಟ್ಟ ತಾಕಿನಲ್ಲಿ ಇಳುವರಿ ಹೆಚ್ಚು, ಏರಿಳಿತ ಕಡಿಮೆ. ಗೊಬ್ಬರವೋ ಯೂರಿಯಾವೋ ಎಂಬ ಜಗಳಕ್ಕೆ ಮಣ್ಣು ಕೊಟ್ಟಿರುವ ತೀರ್ಪು ಎರಡೂ ಎಂಬುದು.

ಹಾಗಾದರೆ ವ್ಯವಸ್ಥೆಯ ಎಳೆ ಎಲ್ಲಿ ಕಳಚಿತು? ಒಂದೇ ಕಡೆಯಲ್ಲ. ಟ್ರ್ಯಾಕ್ಟರ್ ಬಂದಾಗ ಎತ್ತು ಹೋಯಿತು, ಎತ್ತಿನೊಂದಿಗೆ ತಿಪ್ಪೆ ಕುಗ್ಗಿತು, ಬಿದಿರಿನ ಕೊಳವೆ ಕಟ್ಟಲು ಜಾಗವಿದ್ದ ಕೂರಿಗೆಯೂ ಹೋಯಿತು. ಬಿತ್ತುವ, ಕಳೆ ಕೀಳುವ, ಬಿಡಿಸುವ ಕೈಗಳು ಪೇಟೆಯ ಗಾರ್ಮೆಂಟ್ಸಿಗೂ ಕಟ್ಟಡದ ಕೆಲಸಕ್ಕೂ ಹೋದವು. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಕೊಟ್ಟ ಇಂಡಾಫ್ ತಳಿಗಳು ರಾಗಿಯ ಇಳುವರಿಯನ್ನು ಎತ್ತಿದವು ನಿಜ, ಅದು ನಮ್ಮ ನಾಡಿನ ವಿಜ್ಞಾನದ ದೊಡ್ಡ ಸಾಧನೆಯೇ. ಆದರೆ ರಾಗಿಗೆ ಬೆಲೆ ಬಹುಕಾಲ ಬರಲಿಲ್ಲ. ಅತ್ತ ಮೆಕ್ಕೆಜೋಳಕ್ಕೆ ಕೋಳಿ ಆಹಾರದ ಗಿರಣಿ, ಪಿಷ್ಟದ ಕಾರ್ಖಾನೆ, ಈಚೆಗೆ ಎಥನಾಲ್ ಎಂದು ಕೊಳ್ಳುವವರು ಹುಟ್ಟಿಕೊಂಡರು. ದಾವಣಗೆರೆ, ಹಾವೇರಿ, ಚಿತ್ರದುರ್ಗ, ಶಿವಮೊಗ್ಗದ ಮಳೆಯಾಶ್ರಿತ ರೈತರು ಆ ಕಡೆ ತಿರುಗಿದ್ದು ಮೌಢ್ಯದಿಂದಲ್ಲ. ಆಳು ಕಡಿಮೆ ಸಾಕು, ಒಕ್ಕಣೆ ಯಂತ್ರದಲ್ಲಿ ಮುಗಿಯುತ್ತದೆ, ಕಾಳು ಕಣದಿಂದಲೇ ಲಾರಿಗೆ ಹೋಗುತ್ತದೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆದರೆ ಆ ಆಯ್ಕೆಯ ಜೊತೆ ಏನೇನು ಬಂತು ನೋಡಿ. ರಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ, ಈ ವರ್ಷದ ಬೀಜವನ್ನು ಎತ್ತಿಟ್ಟು ಮುಂದಿನ ವರ್ಷ ಬಿತ್ತಬಹುದು. ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನು ಬಿತ್ತಿದರೆ ಗುಣ ಒಡೆದುಹೋಗುತ್ತದೆ, ಹಾಗಾಗಿ ಪ್ರತಿ ವರ್ಷ ಪ್ಯಾಕೆಟ್ ಕೊಳ್ಳಬೇಕು. ಮಳೆಯಾಶ್ರಿತ ರಾಗಿಗೆ ಶಿಫಾರಸು ಹೆಕ್ಟೇರಿಗೆ ಸುಮಾರು 50 ಕೆ.ಜಿ. ಸಾರಜನಕ, ಅಂದರೆ ಎಕರೆಗೆ ಹತ್ತಿರ ಹತ್ತಿರ ಒಂದು ಚೀಲ ಯೂರಿಯಾದಷ್ಟು. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಅದರ ಸುಮಾರು ಎರಡರಷ್ಟು. ಇದರಲ್ಲಿ ಒಂದು ಪಾಲು, ಸಾರಜನಕ ರಂಜಕ ಎರಡೂ ಇರುವ ಡಿಎಪಿ ಗೊಬ್ಬರದಿಂದ ಬಂದರೂ ಉಳಿದದ್ದನ್ನು ಗಿಡ ಮೊಣಕಾಲೆತ್ತರಕ್ಕೆ ಬಂದಾಗ ಮೇಲುಗೊಬ್ಬರವಾಗಿ ಯೂರಿಯಾದ ರೂಪದಲ್ಲೇ ಕೊಡಬೇಕು. ಒಂದು ಜಿಲ್ಲೆಯ ಬಹುತೇಕ ಹೊಲಗಳಲ್ಲಿ ಒಂದೇ ಬೆಳೆ, ಒಂದೇ ಮಳೆಗೆ ಬಿತ್ತಿದ ಬೆಳೆ ನಿಂತಿದ್ದರೆ ಆ ಮೊಣಕಾಲೆತ್ತರ ಎಲ್ಲರಿಗೂ ಒಂದೇ ವಾರದಲ್ಲಿ ಬರುತ್ತದೆ. ಅಷ್ಟೂ ಜನ ಒಂದೇ ವಾರದಲ್ಲಿ ಅಂಗಡಿಗೆ ಬರುತ್ತಾರೆ. ನಾಲ್ಕು ತಿಂಗಳ ನಂತರ ಅಷ್ಟೂ ಜನ ಒಂದೇ ವಾರದಲ್ಲಿ ಕಾಳು ಮಾರಲು ಬರುತ್ತಾರೆ. ಜುಲೈ ಸಾಲಿಗೂ ನವೆಂಬರ್ ಸಾಲಿಗೂ ಇರುವ ನಂಟು ಇದು. ಗೊಬ್ಬರದ ದಾಸ್ತಾನು ಹೆಚ್ಚಿಸಿದರೆ ಮೊದಲ ಸಾಲು ಗಿಡ್ಡವಾಗುತ್ತದೆ, ಖರೀದಿ ಕೇಂದ್ರ ತೆರೆದರೆ ಎರಡನೆಯದು ಗಿಡ್ಡವಾಗುತ್ತದೆ, ಅವೆರಡೂ ತುರ್ತಾಗಿ ಆಗಬೇಕಾದವೇ. ಹೊಲಗಳೆಲ್ಲ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಿರುವವರೆಗೆ ಸಾಲು ಮಾತ್ರ ಮತ್ತೆ ಮತ್ತೆ ಹುಟ್ಟುತ್ತದೆ.

ಕೀಟಗಳಿಗೂ ಈ ತಾಳ ಇಷ್ಟ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡು, 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾದದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲೇ. ಇದರ ಪತಂಗ ಗಾಳಿಯ ಜೊತೆ ಒಂದೇ ರಾತ್ರಿ ನೂರು ಕಿಲೋಮೀಟರ್ ಹಾರಬಲ್ಲದು, ಒಂದೊಂದು ಗುಂಪಿನಲ್ಲಿ ನೂರರಿಂದ ಇನ್ನೂರು ಮೊಟ್ಟೆ ಇಡುತ್ತದೆ. ಮೆಕ್ಕೆಜೋಳದ ಗಿಡದ ಸುಳಿಯನ್ನು ಬಿಡಿಸಿ ನೋಡಿದರೆ ಮರದ ಹೊಟ್ಟಿನಂಥ ಒದ್ದೆ ಹಿಕ್ಕೆ, ಅದರಡಿಯಲ್ಲಿ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದ ಗುರುತು, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಹೊತ್ತ ಹುಳು ಸಿಗುತ್ತದೆ. ಅದಕ್ಕೆ ಬೇಕಾದದ್ದು ಅಕ್ಕಪಕ್ಕದಲ್ಲಿ ಅದೇ ಗಿಡ, ಅದೇ ವಯಸ್ಸಿನಲ್ಲಿ. ನಾವು ಅದನ್ನು ಸಾವಿರಾರು ಎಕರೆ ಹಾಸಿ ಕೊಟ್ಟೆವು. ಔಷಧಿಯ ಖರ್ಚೂ ಹೊರಗಿನಿಂದ ತರುವ ಪಟ್ಟಿಗೆ ಸೇರಿತು.

ಸರ್ಕಾರದ ನೀತಿಯ ಕೈಯೂ ಇದರಲ್ಲಿದೆ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ, ಅಂದರೆ ಗೊಬ್ಬರದಲ್ಲಿರುವ ಪೋಷಕಾಂಶದ ತೂಕಕ್ಕೆ ತಕ್ಕಂತೆ ಸಬ್ಸಿಡಿ ಕೊಡುವ ನೀತಿ, ಜಾರಿಗೆ ಬಂದಾಗ ಯೂರಿಯಾವನ್ನು ಹೊರಗಿಡಲಾಯಿತು. ಉಳಿದ ಗೊಬ್ಬರಗಳ ಬೆಲೆ ಏರಿತು, ಯೂರಿಯಾ ಅಗ್ಗವಾಗಿಯೇ ಉಳಿಯಿತು, 50 ಕೆ.ಜಿ. ಡಿಎಪಿ ಚೀಲ 1,350 ರೂಪಾಯಿಗೆ ಸಿಗುವಾಗ ಕೈ ಯಾವುದರತ್ತ ಹೋಗುತ್ತದೆ ಎಂದು ಕೇಳಬೇಕಾಗಿಲ್ಲ. ಬೆಂಬಲ ಬೆಲೆಯಂತೂ 22 ಬೆಳೆಗಳಿಗಿದೆ: ರಾಗಿಗಿದೆ, 2025–26ರಲ್ಲಿ ಕ್ವಿಂಟಲಿಗೆ 4,886 ರೂಪಾಯಿ, ತೊಗರಿಗಿದೆ, ಹುಚ್ಚೆಳ್ಳಿಗೂ ಇದೆ, ಅವರೆಗಿಲ್ಲ. ಬೆಲೆ ಘೋಷಿಸುವುದು ಬೇರೆ, ಖರೀದಿಸುವುದು ಬೇರೆ ಎಂಬುದನ್ನು ಮೆಕ್ಕೆಜೋಳದ ರೈತರು ಕಂಡಿದ್ದಾರೆ. ಕರ್ನಾಟಕ ಸರ್ಕಾರ ರಾಗಿಯನ್ನು ಬೆಂಬಲ ಬೆಲೆಗೆ ಕೊಂಡು ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಹಂಚಲು ತೊಡಗಿದ ಮೇಲೆ ರಾಗಿ ಬೆಳೆಯುವವರಿಗೆ ಧೈರ್ಯ ಬಂದದ್ದು ನಿಜವಾದರೂ, ಖರೀದಿ ಕೇಂದ್ರ ಅಳೆಯುವುದು ರಾಗಿಯನ್ನು ಮಾತ್ರ. ಅಕ್ಕಡಿಯಲ್ಲಿ ಬರುವ ಹದಿನೈದು ಸೇರು ಅಲಸಂದೆ, ಎರಡು ಮೂಟೆ ಅವರೆ ಯಾವ ಅಂಕಿ ಅಂಶಕ್ಕೂ ಸಿಗುವುದಿಲ್ಲ. ಎಕರೆಗೆ ಇಷ್ಟು ಕ್ವಿಂಟಲ್ ರಾಗಿ ಎಂದು ಬರೆದಾಗ ಅಕ್ಕಡಿ ಹೊಲ ಸೋತಂತೆ ಕಾಣುತ್ತದೆ, ಏಕೆಂದರೆ ಅದರ ಒಂದು ಭಾಗವನ್ನು ನಾವು ತೂಗಿಯೇ ಇರುವುದಿಲ್ಲ.

ಹಾಗೆಂದು ಎತ್ತು, ಬಿದಿರಿನ ಕೊಳವೆ, ಅಜ್ಜಿಯ ಮಡಿಲು ಇವು ಹಿಂದಕ್ಕೆ ಬರುವುದಿಲ್ಲ. ಪ್ರಶ್ನೆ ಈಗ ಅಳತೆಯದು. ಎಂಟು ಅಥವಾ ಹತ್ತು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬ ಶಿಫಾರಸು ಕೃಷಿ ವಿಶ್ವವಿದ್ಯಾಲಯದ ಕೈಪಿಡಿಯಲ್ಲೇ ಇದೆ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಎಂದರೆ ಎಂಟು ಸಾಲಿಗೆ 2.4 ಮೀಟರ್, ಅಂದರೆ ಸುಮಾರು ಎಂಟು ಅಡಿ. ಆದರೆ ಬಾಡಿಗೆಗೆ ಬರುವ ದೊಡ್ಡ ಕೊಯ್ಲು ಯಂತ್ರದ ಬಾಯಿ ಹನ್ನೆರಡರಿಂದ ಹದಿನಾಲ್ಕು ಅಡಿ. ರಾಗಿ ಮಾಗಿದಾಗ ತೊಗರಿ ಇನ್ನೂ ಹಸಿರಾಗಿ ನಿಂತಿರುತ್ತದೆ, ಯಂತ್ರ ನುಗ್ಗಿದರೆ ಅದೂ ನೆಲಕಚ್ಚುತ್ತದೆ. ಯಂತ್ರದ ಬಾಯಿಗೆ ಸರಿಯಾಗಿ ಹದಿಮೂರರಿಂದ ಹದಿನೈದು ಸಾಲು ರಾಗಿ ಬಿಟ್ಟು ನಂತರ ಎರಡು ಸಾಲು ತೊಗರಿ ಇಟ್ಟರೆ ಅಕ್ಕಡಿಯೂ ಉಳಿಯಬಹುದು, ಯಂತ್ರವೂ ಓಡಬಹುದು. ಇದು ಹತ್ತನೆಯ ತರಗತಿಯ ಹುಡುಗನೊಬ್ಬ ಟೇಪು ಹಿಡಿದು ಹಾಕಬಹುದಾದ ಲೆಕ್ಕ. ಆದರೆ ಅದೊಂದರಿಂದಲೇ ಮುಗಿಯುವುದಿಲ್ಲ. ದೊಡ್ಡ ಯಂತ್ರ ಕೊಯ್ದ ರಾಗಿಯ ಹುಲ್ಲು ತುಂಡಾಗಿ, ತುಳಿತಕ್ಕೆ ಸಿಕ್ಕಿ, ಬಣವೆ ಒಟ್ಟಲು ಬರುವುದಿಲ್ಲ. ಹಾಗಾಗಿ ನಮ್ಮ ಕಡೆ ಹಸು ಕಟ್ಟಿಕೊಂಡವರು, ಯಂತ್ರದ ಬಾಡಿಗೆಗಿಂತ ಹೆಚ್ಚು ಕೂಲಿ ಕೊಟ್ಟು, ಆಳು ಸಿಗದಿದ್ದರೆ ಮುಯ್ಯಾಳು, ಅಂದರೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಸರದಿಯಲ್ಲಿ ದುಡಿಯುವ ಏರ್ಪಾಟು, ಮಾಡಿಕೊಂಡು, ಈಗಲೂ ರಾಗಿಯನ್ನು ಕುಡುಗೋಲಿನಿಂದಲೇ ಕೊಯ್ಯಿಸುತ್ತಾರೆ. ಯಾಕೆ ಎಂದು ಕೇಳಿದರೆ ಕಾಳಿನ ಲೆಕ್ಕ ಹೇಳುವುದಿಲ್ಲ, ಕೊಟ್ಟಿಗೆಯ ಕಡೆ ಕೈ ತೋರಿಸುತ್ತಾರೆ.